ಮೋಡೆಮ್ ಕೊಳ್ಳುವ ಮುನ್ನ ಒಂದು ಪ್ರಶ್ನೆ



ಈ ವಾರ ದೇವದುರ್ಗದಿಂದ ಏಳನೇ ತರಗತಿಯ ಹುಡುಗಿಯೊಬ್ಬಳ ಪತ್ರ ಬಂದಿದೆ. ಪತ್ರದಲ್ಲಿ ಒಂದು ವ್ಯಾಜ್ಯವಿದೆ. ತೀರ್ಪು ಕೊಡಬೇಕಾದವನು ನಾನು. ಮೊದಲು ಅವಳ ಮಾತನ್ನೇ ಕೇಳಿ:

‘ನಮ್ಮ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಒಂದು ಬೂದು ಬಣ್ಣದ ಪೆಟ್ಟಿಗೆ ಸಿಕ್ಕಿತು. ನೋಟುಪುಸ್ತಕದಷ್ಟು ಅಗಲ ಇದೆ. ಮುಂದುಗಡೆ ಸಾಲಾಗಿ ಸಣ್ಣ ದೀಪಗಳಿವೆ. ಹಿಂದುಗಡೆ ಫೋನ್ ವೈರು ಸಿಕ್ಕಿಸುವ ಎರಡು ತೂತು, ಒಂದು ಅಗಲವಾದ ಸಾಕೆಟ್ ಇವೆ. ಅದು ಮೋಡೆಮ್ ಅಂತೆ. ನಮ್ಮ ಮಾಮ ಕಾಲೇಜು ಓದುವಾಗ ಲಿನಕ್ಸ್‌ಗೆ ಇದೇ ಬೇಕು ಎಂದು ಹಟ ಹಿಡಿದು ತಂದನಂತೆ. ಅಂಗಡಿಯಲ್ಲಿ ಇದರ ಮೂರನೇ ಒಂದು ಭಾಗದ ಬೆಲೆಗೆ ಬೇರೆ ಮೋಡೆಮ್ ಇತ್ತಂತೆ. ಅಜ್ಜಿ ಈಗಲೂ ಆ ದುಡ್ಡಿನ ಮಾತು ತೆಗೆದು ಮಾಮನನ್ನು ಬೈಯುತ್ತಾರೆ. ಮಾಮ ನಕ್ಕು ಸುಮ್ಮನಾಗುತ್ತಾನೆ. ಯಾರು ಸರಿ?’

ಒಳ್ಳೆಯ ಪ್ರಶ್ನೆ ಮಗಳೇ. ಆದರೆ ತೀರ್ಪು ಹೇಳುವ ಮುನ್ನ ಸಾಕ್ಷಿಗಳನ್ನು ವಿಚಾರಿಸಬೇಕಲ್ಲ? ಮೊದಲ ಸಾಕ್ಷಿ ಆ ಪೆಟ್ಟಿಗೆಯೇ.

ಪೆಟ್ಟಿಗೆ ಮಾಡುತ್ತಿದ್ದ ಕೆಲಸ

ಇಂದಿನ ಮಕ್ಕಳಿಗೆ ಇಂಟರ್‌ನೆಟ್ ಎಂದರೆ ಗಾಳಿಯಲ್ಲಿ ಬರುವ ವಸ್ತು. ಇಪ್ಪತ್ತು-ಇಪ್ಪತ್ತೈದು ವರ್ಷದ ಹಿಂದೆ ಅದು ಮನೆಗೆ ಬರುತ್ತಿದ್ದುದು ದೂರವಾಣಿಯ ತಾಮ್ರದ ತಂತಿಯಲ್ಲಿ. ಆ ತಂತಿಯನ್ನು ಎಳೆದದ್ದು ಮನುಷ್ಯರು ಮಾತನಾಡಲಿ ಎಂದು. ಹೀಗಾಗಿ ದೂರವಾಣಿ ವ್ಯವಸ್ಥೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಶಬ್ದವನ್ನು ಮಾತ್ರ ದಾಟಿಸುತ್ತಿತ್ತು. ನಮ್ಮ ಮಾತು ಅರ್ಥವಾಗಲು ಅಷ್ಟು ಸಾಕು. ಆದರೆ ಕಂಪ್ಯೂಟರ್‌ಗೆ ಗೊತ್ತಿರುವುದು ಸೊನ್ನೆ ಮತ್ತು ಒಂದು, ಎರಡೇ ಅಂಕಿ. ಅದಕ್ಕೆ ಬಾಯಿಲ್ಲ, ಕಿವಿಯಿಲ್ಲ.

ಸೊನ್ನೆ-ಒಂದುಗಳನ್ನು ಶಬ್ದವಾಗಿಸಿ ಕಳಿಸುವ ಕ್ರಿಯೆಗೆ ಮಾಡ್ಯುಲೇಷನ್ ಎಂದು ಹೆಸರು. ಆ ಕಡೆ ಶಬ್ದವನ್ನು ಕೇಳಿ ಮತ್ತೆ ಸೊನ್ನೆ-ಒಂದು ಮಾಡುವುದು ಡಿಮಾಡ್ಯುಲೇಷನ್. ಎರಡರ ಮೊದಲ ಚೂರುಗಳನ್ನು ಸೇರಿಸಿದರೆ ‘ಮೋಡೆಮ್’. ಕಂಪ್ಯೂಟರ್‌ಗೆ ಬಾಯಿ-ಕಿವಿ ಕೊಟ್ಟ ಪೆಟ್ಟಿಗೆ ಅದು.

ತಾತ-ಅಜ್ಜಿಯರಿಗೆ ಆ ಶಬ್ದ ನೆನಪಿರಬಹುದು. ಮೊದಲು ನಂಬರು ಒತ್ತಿದ ಪಿಂಪಿಂ, ಆಮೇಲೆ ಉದ್ದನೆಯ ಕೀಂಯ್, ಕೊನೆಗೆ ಜೋಳ ಹುರಿದಂತೆ ಚರಚರ. ಅದು ಎರಡು ಮೋಡೆಮ್‌ಗಳು ಪರಸ್ಪರ ಪರಿಚಯ ಮಾಡಿಕೊಳ್ಳುವ ಸದ್ದು. ‘ನಿನ್ನ ವೇಗ ಎಷ್ಟು? ತಂತಿಯಲ್ಲಿ ಗದ್ದಲ ಎಷ್ಟಿದೆ? ಸ್ವಲ್ಪ ನಿಧಾನ ಮಾಡೋಣವೇ?’ ಎಂದು ಮಾತಾಡಿಕೊಂಡು, ಇಬ್ಬರೂ ಒಪ್ಪಿದ ಮೇಲೆ ಸುಮ್ಮನಾಗುತ್ತಿದ್ದವು. ಆಮೇಲೆ ಕೆಲಸ ಶುರು. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರಾದರೂ ಫೋನ್ ಎತ್ತಿದರೆ ಸಂಪರ್ಕ ಕಡಿದು ಬೀಳುತ್ತಿತ್ತು. ಎಷ್ಟು ಮನೆಗಳಲ್ಲಿ ಇದಕ್ಕೆ ಜಗಳವಾಗಿದೆ ಎಂದು ನಿಮ್ಮ ಅಪ್ಪ-ಅಮ್ಮನನ್ನೇ ಕೇಳಿ.

1981ರಲ್ಲಿ ಅಮೆರಿಕದ ಹೇಯ್ಸ್ ಕಂಪನಿ ‘ಸ್ಮಾರ್ಟ್‌ಮೋಡೆಮ್’ ಎಂಬ ಪೆಟ್ಟಿಗೆ ತಂದಿತು. ವೇಗ ಸೆಕೆಂಡಿಗೆ 300 ಬಿಟ್, ಅಂದರೆ ಸುಮಾರು 30 ಅಕ್ಷರ. ಅದರ ದೊಡ್ಡ ಕೊಡುಗೆ ವೇಗದಲ್ಲಿರಲಿಲ್ಲ, ಭಾಷೆಯಲ್ಲಿತ್ತು. ಕಂಪ್ಯೂಟರ್‌ನಿಂದ ‘ಎಟಿ’ ಎಂಬ ಎರಡು ಅಕ್ಷರ ಕಳಿಸಿದರೆ ಮೋಡೆಮ್ ‘ಓಕೆ’ ಎಂದು ಉತ್ತರಿಸುತ್ತಿತ್ತು. ‘ಎಟಿ’ ಎಂದರೆ ಅಟೆನ್ಷನ್. ನಿಮ್ಮ ಪಿ.ಟಿ. ಮಾಸ್ತರರು ಶಾಲೆಯ ಮೈದಾನದಲ್ಲಿ ಕೂಗುವ ಪದವೇ! ‘ಎಟಿಡಿಟಿ’ ಎಂದು ಬರೆದು ನಂಬರು ಕೊಟ್ಟರೆ ಅದೇ ಡಯಲ್ ಮಾಡುತ್ತಿತ್ತು. ಬೆರಳು ಹಾಕಿ ತಿರುಗಿಸುವ ಹಳೆಯ ಫೋನಿನ ರೀತಿಯಲ್ಲಿ ಡಯಲ್ ಮಾಡಬೇಕಾದ ಊರುಗಳಲ್ಲಿ ‘ಎಟಿಡಿಪಿ’ ಎನ್ನಬೇಕಿತ್ತು. ಬೇರೆ ಕಂಪನಿಗಳೂ ಇದೇ ಭಾಷೆಯನ್ನು ಹಿಡಿದವು. ಹೀಗಾಗಿ ಯಾವ ದೇಶದ, ಯಾವ ಕಂಪನಿಯ ಮೋಡೆಮ್ ಆದರೂ ‘ಎಟಿ’ ಎಂದರೆ ‘ಓಕೆ’ ಎನ್ನುತ್ತಿತ್ತು. ಈ ಎರಡು ಪದಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಇವೇ ನಮ್ಮ ಎರಡನೇ ಸಾಕ್ಷಿ.

ಲಿನಕ್ಸ್ ಯಾಕೆ ಬಂತು?

ಕಂಪ್ಯೂಟರ್ ಓಡಲು ಒಂದು ಆಪರೇಟಿಂಗ್ ಸಿಸ್ಟಂ ಬೇಕು. ಮನೆಗೊಬ್ಬ ಯಜಮಾನ ಇದ್ದ ಹಾಗೆ. ಕೀಲಿಮಣೆ, ಪರದೆ, ಮುದ್ರಕ ಎಲ್ಲಕ್ಕೂ ಕೆಲಸ ಹಂಚುವುದು ಅದೇ. ಬಹಳ ಮನೆಗಳಲ್ಲಿ ವಿಂಡೋಸ್ ಎಂಬ ಯಜಮಾನ ಇರುತ್ತಾನೆ. ಇನ್ನೊಂದು ಮನೆತನದ ಹೆಸರು ಯುನಿಕ್ಸ್. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಅದನ್ನು ಶುರು ಮಾಡಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದೇ ಮನೆತನದ ರೀತಿ-ರಿವಾಜು ಇಟ್ಟುಕೊಂಡು ಹೊಸದೊಂದನ್ನು ಬರೆಯತೊಡಗಿದ. ಅದೇ ಲಿನಕ್ಸ್. ಅದನ್ನು ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಗೆಳೆಯರಿಗೆ ಹಂಚಬಹುದು, ತೆರೆದು ನೋಡಿ ತಿದ್ದಬಹುದು.

ನಮ್ಮ ದೇಶದಲ್ಲಿ ಯುನಿಕ್ಸ್ ಮತ್ತು ಮೋಡೆಮ್ ಹಳೆಯ ಜೋಡಿ. 1986ರಲ್ಲಿ ಎರ್ನೆಟ್ ಎಂಬ ಯೋಜನೆ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬೈನ ಎನ್‌ಸಿಎಸ್‌ಟಿ ಮತ್ತು ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆಯನ್ನು ಜೋಡಿಸುವುದು ಅದರ ಕೆಲಸ. ಮೊದಮೊದಲ ಇ-ಮೇಲ್‌ಗಳು ಹೋದದ್ದು ಡಯಲ್-ಅಪ್ ಮೋಡೆಮ್ ಮೂಲಕ, ಯುನಿಕ್ಸ್ ಯಂತ್ರಗಳ ನಡುವೆ. ಬಳಸಿದ ಪದ್ಧತಿಯ ಹೆಸರು ‘ಯುಯುಸಿಪಿ’. ಯುನಿಕ್ಸ್‌ನಿಂದ ಯುನಿಕ್ಸ್‌ಗೆ ನಕಲು ಎಂದು ಅರ್ಥ. ಪತ್ರಗಳೆಲ್ಲ ಒಂದು ಕಡೆ ಕೂಡಿಡುವುದು, ಫೋನ್ ಹಚ್ಚುವುದು, ಒಂದೇ ಉಸಿರಿಗೆ ಕಳಿಸಿ ಇಡುವುದು. ಅಂಚೆಪೆಟ್ಟಿಗೆ ತೆರೆದು ಚೀಲ ತುಂಬಿಕೊಂಡು ಹೋಗುವ ಅಂಚೆಯಣ್ಣನ ರೀತಿ. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದಿಂದ. ಅದೂ ಮೊದಲು ಮಹಾನಗರಗಳಲ್ಲಿ.

1990ರ ದಶಕದ ನಡುವಿನಿಂದ ಪಿಸಿ ಕ್ವೆಸ್ಟ್‌ನಂಥ ಕಂಪ್ಯೂಟರ್ ಪತ್ರಿಕೆಗಳ ಜೊತೆ ಲಿನಕ್ಸ್ ಸಿಡಿ ಬರತೊಡಗಿತು. ಒಬ್ಬ ಹುಡುಗ ಪತ್ರಿಕೆ ಕೊಂಡರೆ ಹತ್ತು ಹುಡುಗರ ಮನೆಗೆ ಲಿನಕ್ಸ್ ಹೋಗುತ್ತಿತ್ತು. ರಾಯಚೂರಿಗೂ ಬಂತು, ರಾಯಚೂರಿನಿಂದ ಬಸ್ಸು ಹತ್ತಿ ಮಾನ್ವಿ, ದೇವದುರ್ಗಕ್ಕೂ ಹೋಯಿತು. ಹಳೆಯ ಕಂಪ್ಯೂಟರ್ ಮೇಲೂ ಓಡುತ್ತಿತ್ತು, ದುಡ್ಡೂ ಇಲ್ಲ. ತೊಡಕು ಬಂದದ್ದು ಮೋಡೆಮ್ ಕೊಳ್ಳುವಾಗ.

ಮಾನ್ವಿಯ ತಾತ ಕೇಳಿದ ಪ್ರಶ್ನೆ

ಆಗ ನಾನು ರಾಯಚೂರಿನಲ್ಲಿ ಸಂಜೆ ಹೊತ್ತು ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. 2003ರ ಜನವರಿ. ಮಾನ್ವಿಯಿಂದ ಒಬ್ಬ ತಾತ, ಒಂಬತ್ತನೇ ತರಗತಿ ಓದುವ ಮೊಮ್ಮಗನ ಕೈ ಹಿಡಿದುಕೊಂಡು ಬಂದರು. ತಾತ ಕನ್ನಡ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಎಡದಂಡೆ ಕಾಲುವೆಯ ನೀರಿಗೆ ಎರಡು ಎಕರೆ ಭತ್ತ. ಹುಡುಗನ ಅಪ್ಪ ಕುವೈತ್‌ನಲ್ಲಿ ವಿದ್ಯುತ್ ಕೆಲಸ ಮಾಡುತ್ತಿದ್ದರು. ಅಲ್ಲಿಂದ ಫೋನ್ ಮಾಡಿದರೆ ಮಾತಿಗಿಂತ ಗಡಿಯಾರ ನೋಡುವುದೇ ಹೆಚ್ಚು. ಕಾಗದ ಬರಲು ವಾರಗಟ್ಟಲೆ. ಯಾರೋ ಹೇಳಿದ್ದರು, ಇ-ಮೇಲ್ ಆದರೆ ಕೂಡಲೇ ಮುಟ್ಟುತ್ತದೆ ಎಂದು.

ಮನೆಯಲ್ಲಿ ಯಾರೋ ಬಳಸಿ ಬಿಟ್ಟ ಒಂದು ಹಳೆಯ ಕಂಪ್ಯೂಟರ್ ಇತ್ತು. ಹುಡುಗ ಅದರ ಮೇಲೆ ಲಿನಕ್ಸ್ ಹಾಕಿದ್ದ. ಫೋನ್ ಸಂಪರ್ಕವೂ ಇತ್ತು. ಬೇಕಾದದ್ದು ಮೋಡೆಮ್ ಒಂದೇ.

‘ಭತ್ತ ಮಾರಿದ ದುಡ್ಡಿನಾಗ ಮೂರು ಸಾವಿರ ಎತ್ತಿಟ್ಟೀನ್ರಿ ಸರ’ ಅಂದರು ತಾತ. ‘ಒಮ್ಮೆ ತಗೊಂಡ್ರ ಮತ್ತ ತಗೊಳ್ಳಾಕ ಆಗಂಗಿಲ್ರಿ. ನೋಡಿ ಕೊಡಸ್ರಿ.’

ತೀನ್ ಕಂದೀಲ್ ಹತ್ತಿರ ಚಹಾ ಕುಡಿದು ಅಂಗಡಿಗೆ ಹೋದೆವು. ಅಂಗಡಿಯವರು ಎರಡು ಮೋಡೆಮ್ ಮುಂದಿಟ್ಟರು. ಒಂದು ಕಂಪ್ಯೂಟರ್ ಒಳಗೆ ಸಿಕ್ಕಿಸುವ ಹಸಿರು ಕಾರ್ಡು, 700 ರೂಪಾಯಿ. ಇನ್ನೊಂದು ಹೊರಗೆ ಮೇಜಿನ ಮೇಲಿಡುವ ಪೆಟ್ಟಿಗೆ, 2600 ರೂಪಾಯಿ. ಎರಡರ ಡಬ್ಬಿಯ ಮೇಲೂ 56ಕೆ ಎಂದೇ ಬರೆದಿತ್ತು. ಅಂದರೆ ಒಂದೇ ವೇಗ. ಹುಡುಗನ ಕಣ್ಣು ಅಗ್ಗದ ಕಾರ್ಡಿನ ಮೇಲೆ. ಉಳಿದ ದುಡ್ಡಿನಲ್ಲಿ ಏನೇನು ಬರುತ್ತದೆ ಎಂದು ಅವನ ಲೆಕ್ಕ ಆಗಲೇ ಶುರುವಾಗಿತ್ತು.

ತಾತ ಮಾತ್ರ ಕಾರ್ಡನ್ನೂ ಪೆಟ್ಟಿಗೆಯನ್ನೂ ಕೈಯಲ್ಲಿ ಹಿಡಿದು ತೂಗಿ ನೋಡಿ ಕೇಳಿದರು: ‘ಎರಡೂ ಒಂದ ಕೆಲಸ ಮಾಡ್ತಾವಂದ್ರ, ಇದು ಯಾಕ ಅಷ್ಟು ಸೋವಿ ಅದರೀ?’

ಮಕ್ಕಳೇ, ಇಂಥ ಪ್ರಶ್ನೆ ಕೇಳುವವರು ಮೋಸ ಹೋಗುವುದಿಲ್ಲ.

ಉತ್ತರ ಹೀಗಿದೆ. ಮೋಡೆಮ್ ಮಾಡಬೇಕಾದ ಕೆಲಸ ಬಹಳ: ನಂಬರು ತಿರುಗಿಸಬೇಕು, ಶಬ್ದ ಹುಟ್ಟಿಸಬೇಕು, ಆ ಕಡೆಯ ಶಬ್ದ ಬಿಡಿಸಬೇಕು, ತಪ್ಪು ಬಂದರೆ ತಿದ್ದಬೇಕು, ಸಂದೇಶವನ್ನು ಒತ್ತಿ ಚಿಕ್ಕದು ಮಾಡಬೇಕು. ದುಬಾರಿ ಪೆಟ್ಟಿಗೆಯ ಒಳಗೆ ಈ ಕೆಲಸಕ್ಕೆಂದೇ ಪುಟ್ಟ ಮಿದುಳಿನಂಥ ಚಿಪ್‌ಗಳಿರುತ್ತವೆ. ಅಗ್ಗದ ಕಾರ್ಡಿನಲ್ಲಿ ಅವನ್ನು ತೆಗೆದುಬಿಟ್ಟಿರುತ್ತಾರೆ. ಫೋನ್ ತಂತಿಗೆ ಹೊಂದಿಸುವ ಬಿಡಿಭಾಗ ಮಾತ್ರ ಉಳಿದಿರುತ್ತದೆ. ಹಾಗಾದರೆ ಕೆಲಸ ಯಾರು ಮಾಡುತ್ತಾರೆ? ನಿಮ್ಮ ಕಂಪ್ಯೂಟರ್! ಕಾರ್ಡಿನ ಜೊತೆ ಬರುವ ಸಿಡಿಯಲ್ಲಿ ‘ಡ್ರೈವರ್’ ಎಂಬ ತಂತ್ರಾಂಶವಿರುತ್ತದೆ. ಅದು ಕಂಪ್ಯೂಟರ್‌ನ ಮಿದುಳನ್ನು ಎರವಲು ಪಡೆದು ಕೆಲಸ ಮಾಡಿಸುತ್ತದೆ. ಆ ಡ್ರೈವರನ್ನು ಬರೆದದ್ದು ವಿಂಡೋಸ್‌ಗಾಗಿ. ಅದಕ್ಕೇ ಇಂಥವನ್ನು ‘ವಿನ್‌ಮೋಡೆಮ್’ ಎಂದು ಕರೆಯುವ ರೂಢಿ ಬಂತು. ಲಿನಕ್ಸ್‌ಗೆ ಆ ಡ್ರೈವರ್‌ನ ಮಾತು ತಿಳಿಯುವುದಿಲ್ಲ.

ನಾನು ಇಷ್ಟು ಹೇಳಿದ್ದೇ ತಡ, ತಾತ ತಮ್ಮದೇ ಮಾತಿನಲ್ಲಿ ಮೊಮ್ಮಗನಿಗೆ ತಿಳಿಸಿದರು: ‘ತಿಳೀತೇನಪಾ? ಒಬ್ಬಾಕಿ ಹಿಟ್ಟು ಕೊಟ್ರ ಸಾಕು, ರೊಟ್ಟಿ ಬಡದು ಬೇಯಿಸಿ ಕೊಡ್ತಾಳ. ಇನ್ನೊಬ್ಬಾಕಿ ಬರೇ ಹಂಚು ತಂದು ಇಟ್ಟು ಕೂಡ್ತಾಳ. ಬಡಿಯೋದು, ಬೇಯಿಸೋದು ಎಲ್ಲಾ ನಮ್ಮ ಪಾಲಿಗೆ. ಪಗಾರ ಕಡಿಮಿ ಇರಲಾರದ ಮತ್ತೇನು!’

ಅಂಗಡಿಯವರೂ ನಕ್ಕರು. ಅವರು ಒಳ್ಳೆಯ ಮನುಷ್ಯರು. ‘ಸರ, ವಿಂಡೋಸ್ ಇದ್ದವ್ರಿಗೆ ನಾನು ಇದನ್ನ ಕೊಡ್ತೀನಿ, ಚಲೋ ಓಡ್ತದ’ ಅಂದರು. ಅದು ನಿಜ. ಹಂಚು ಕೆಟ್ಟದ್ದಲ್ಲ, ಮನೆಯಲ್ಲಿ ರೊಟ್ಟಿ ಬಡಿಯಲು ಬರುವವರು ಇರಬೇಕು ಅಷ್ಟೆ.

ಎಟಿ ಎಂದರೆ ಓಕೆ

ಮಾತಿನಲ್ಲಿ ನಂಬುವುದಕ್ಕಿಂತ ನೋಡಿ ನಂಬುವುದು ಒಳ್ಳೆಯದು. ಅಂಗಡಿಯವರನ್ನು ಕೇಳಿ ಎರಡನ್ನೂ ನನ್ನ ಪಾಠದ ಕೋಣೆಗೆ ತಂದೆವು. ಅಲ್ಲಿ ಲಿನಕ್ಸ್ ಇದ್ದ ಕಂಪ್ಯೂಟರ್ ಇತ್ತು.

ಮೊದಲು ಪೆಟ್ಟಿಗೆ. ಅದರ ವೈರನ್ನು ಕಂಪ್ಯೂಟರ್ ಹಿಂದಿನ ಒಂಬತ್ತು ಸೂಜಿಯ ಸೀರಿಯಲ್ ಪೋರ್ಟಿಗೆ ಸಿಕ್ಕಿಸಿದೆ. ವಿಂಡೋಸ್‌ನಲ್ಲಿ ಈ ಬಾಗಿಲಿಗೆ ‘ಕಾಮ್1’ ಎಂದು ಹೆಸರು. ಲಿನಕ್ಸ್‌ನಲ್ಲಿ ‘ಟಿಟಿವೈಎಸ್0’. ಲಿನಕ್ಸ್‌ನವರು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತಾರೆ, ಹೀಗಾಗಿ ಕಾಮ್2 ಅವರಿಗೆ ಟಿಟಿವೈಎಸ್1. ‘ಟಿಟಿವೈ’ ಎಂಬುದು ಟೆಲಿಟೈಪ್ ಎಂಬ ಹಳೆಯ ತಂತಿ-ಬೆರಳಚ್ಚು ಯಂತ್ರದ ನೆನಪು. ಯುನಿಕ್ಸ್ ಮನೆತನದಲ್ಲಿ ಯಂತ್ರದ ಭಾಗಗಳನ್ನೂ ಕಡತದಂತೆಯೇ ನೋಡುವ ಪದ್ಧತಿ ಇದೆ. ಆ ಕಡತದಲ್ಲಿ ಬರೆದರೆ ಅಕ್ಷರ ಮೋಡೆಮ್‌ಗೆ ಹೋಗುತ್ತದೆ. ಓದಿದರೆ ಮೋಡೆಮ್ ಹೇಳಿದ್ದು ಸಿಗುತ್ತದೆ. ವಿಶೇಷ ಡ್ರೈವರ್ ಬೇಕಿಲ್ಲ.

ಮಿನಿಕಾಮ್ ಎಂಬ ತಂತ್ರಾಂಶ ತೆರೆದು ಹುಡುಗನಿಗೆ ‘ಎಟಿ’ ಒತ್ತಲು ಹೇಳಿದೆ. ಒತ್ತಿ ಎಂಟರ್ ಹೊಡೆದ. ಮರುಕ್ಷಣ ಪರದೆಯ ಮೇಲೆ ‘ಓಕೆ’ ಬಂತು. ಹುಡುಗ ‘ತಾತಾ, ಮಾತಾಡ್ತು!’ ಎಂದು ಕೂಗಿದ.

ಆಮೇಲೆ ಕಂಪ್ಯೂಟರ್ ಆರಿಸಿ, ಮುಚ್ಚಳ ತೆಗೆದು, ಕಾರ್ಡನ್ನು ಸಿಕ್ಕಿಸಿದೆವು. ಒಳಗೊಂದು ಕಾರ್ಡು ಇದೆ ಎಂದು ಲಿನಕ್ಸ್‌ಗೆ ಗೊತ್ತಾಯಿತು, ಅದರ ಚಿಪ್‌ನ ಹೆಸರನ್ನೂ ತೋರಿಸಿತು. ಆದರೆ ಮಾತನಾಡಿಸಲು ಬಾಗಿಲೇ ಇರಲಿಲ್ಲ. ಎಷ್ಟು ‘ಎಟಿ’ ಎಂದರೂ ಪರದೆ ಮೌನ.

ಇಂಥ ಕಾರ್ಡುಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ಆಗುತ್ತಲೇ ಇರಲಿಲ್ಲ ಎಂದು ತಿಳಿಯಬೇಡಿ. ‘ಲಿನ್‌ಮೋಡೆಮ್ಸ್’ ಎಂಬ ಹೆಸರಿನಲ್ಲಿ ಹಲವು ದೇಶಗಳ ಸ್ವಯಂಸೇವಕರು ಇದೇ ಕೆಲಸಕ್ಕೆ ಟೊಂಕ ಕಟ್ಟಿದ್ದರು. ಲೂಸೆಂಟ್ ಮುಂತಾದ ಕೆಲವು ಚಿಪ್‌ಗಳಿಗೆ ಲಿನಕ್ಸ್ ಡ್ರೈವರ್ ಸಿಗುತ್ತಿತ್ತು. ಆದರೆ ಅದರಲ್ಲೊಂದು ತಮಾಷೆ ನೋಡಿ: ಆ ಡ್ರೈವರ್ ಸಿಗುತ್ತಿದ್ದುದು ಇಂಟರ್‌ನೆಟ್‌ನಲ್ಲಿ. ಇಂಟರ್‌ನೆಟ್‌ಗೆ ಹೋಗಲು ಮೋಡೆಮ್ ಬೇಕು. ಮೋಡೆಮ್ ಓಡಲು ಡ್ರೈವರ್ ಬೇಕು! ಬೀಗದ ಕೈಯನ್ನು ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದ ಹಾಗೆ. ರಾಯಚೂರಿನವರಾದರೆ ಸೈಬರ್ ಕೆಫೆಗೆ ಹೋಗಿ ಫ್ಲಾಪಿಯಲ್ಲಿ ತರಬಹುದು. ಮಾನ್ವಿಯ ಹುಡುಗ ಪ್ರತಿ ಸಲ ಬಸ್ಸು ಹತ್ತಬೇಕು. ಲಿನಕ್ಸ್‌ನ ತಿರುಳು ಭಾಗ ಬದಲಾದರೆ ಡ್ರೈವರನ್ನು ಮತ್ತೆ ಹೊಂದಿಸಬೇಕು. ಮೇಲಾಗಿ ಅವನ ಹಳೆಯ ಕಂಪ್ಯೂಟರ್‌ಗೆ ತನ್ನ ಕೆಲಸವೇ ಭಾರ, ಅದರ ಮೇಲೆ ಮೋಡೆಮ್ಮಿನ ಹೊರೆ ಬೇರೆ.

ಇಷ್ಟು ನೋಡಿದ ಮೇಲೆ ತಾತ ಪೆಟ್ಟಿಗೆಯ ಕಡೆ ಬೆರಳು ತೋರಿಸಿದರು. ಹುಡುಗ ಬಾಯಿಬಿಡದೆ ಒಪ್ಪಿದ.

ಮಾನ್ವಿಯಲ್ಲಿ ಮೊದಲ ಪತ್ರ

ಮುಂದಿನ ಭಾನುವಾರ ನಾನು ಮಾನ್ವಿಗೆ ಹೋದೆ. ಸಂಚಾರ್‌ನೆಟ್ ಕಾರ್ಡು ತಂದಿದ್ದರು. 172ರಿಂದ ಶುರುವಾಗುವ ನಂಬರಿಗೆ ಡಯಲ್ ಮಾಡಿದರೆ ಸ್ಥಳೀಯ ಕರೆಯ ದರ. ಮೊದಲ ಸಲ ಹಚ್ಚಿದಾಗ ಮೋಡೆಮ್ ‘ಡಯಲ್‌ಟೋನ್ ಇಲ್ಲ’ ಎಂದಿತು. ಫೋನ್ ಎತ್ತಿ ಕೇಳಿದರೆ ಟೋನ್ ಸರಿಯಾಗಿಯೇ ಇದೆ! ಬೇರೆ ದೇಶದ ಟೋನಿಗೆ ಹೊಂದಿಕೊಂಡ ಮೋಡೆಮ್‌ಗಳಿಗೆ ನಮ್ಮ ಟೋನ್ ಗುರುತು ಸಿಗದಿರುವುದುಂಟು. ಆಗ ‘ಎಟಿಎಕ್ಸ್3’ ಎಂದು ಆಜ್ಞೆ ಕೊಟ್ಟರೆ ಅದು ಟೋನಿಗೆ ಕಾಯದೆ ನಂಬರು ತಿರುಗಿಸುತ್ತದೆ. ಕೊಟ್ಟೆವು. ಕೀಂಯ್, ಚರಚರ, ಆಮೇಲೆ ಮೌನ. ಸಂಪರ್ಕ ಸಿಕ್ಕಿತು.

ಫೋನ್ ಬಿಲ್ಲು ಏರದಂತೆ ಹುಡುಗನಿಗೆ ಎರ್ನೆಟ್ ಕಾಲದ ಅಂಚೆಯಣ್ಣನ ಪದ್ಧತಿ ಹೇಳಿಕೊಟ್ಟೆ. ಮೊದಲು ಪತ್ರವನ್ನು ಸಾವಕಾಶ ಬರೆದಿಟ್ಟುಕೋ. ಆಮೇಲೆ ಫೋನ್ ಹಚ್ಚು. ಕಳಿಸು, ಬಂದದ್ದನ್ನು ಇಳಿಸಿಕೋ, ಕಡಿ. ಓದುವುದು ಕಡಿದ ಮೇಲೆ. ಎರಡು-ಮೂರು ನಿಮಿಷದ ಕೆಲಸ. ಇನ್ನೊಂದು ಮಾತನ್ನು ತಾತನಿಗೆ ಹೇಳಿದೆ: ನಮ್ಮ ಕಡೆ ಬೇಸಿಗೆ ಕೊನೆಗೆ ಗುಡುಗು-ಸಿಡಿಲಿನ ಮಳೆ ಬರುತ್ತದಲ್ಲ, ಮೋಡ ಕಂಡ ಕೂಡಲೇ ಫೋನಿನ ವೈರನ್ನು ಮೋಡೆಮ್‌ನಿಂದ ತೆಗೆದಿಡಿ, ಸಿಡಿಲಿನ ಹೊಡೆತ ತಂತಿಯಲ್ಲೂ ಬರುತ್ತದೆ.

ಆಗ ಕನ್ನಡ ಅಕ್ಷರದಲ್ಲಿ ಮೇಲ್ ಬರೆಯುವುದು ಸುಲಭವಿರಲಿಲ್ಲ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ನಲವತ್ತು ವರ್ಷ ಕನ್ನಡ ಕಲಿಸಿದ ತಾತನಿಗೆ ಮಗನ ಕನ್ನಡ ಓದಲು ಮೊಮ್ಮಗ ಬೇಕಾಯಿತು. ಹುಡುಗ ಜೋರಾಗಿ ಓದುವುದು, ತಾತ ಕಣ್ಣು ಮುಚ್ಚಿ ಕೇಳುವುದು, ಅಜ್ಜಿ ಒಳಗಿನಿಂದ ‘ಇನ್ನೊಮ್ಮೆ ಓದಪಾ’ ಎನ್ನುವುದು. ವಾರಕ್ಕೊಂದು ದಿನ ಆ ಮನೆಯಲ್ಲಿ ಹೀಗೆ ಪತ್ರ ವಾಚನ.

ಮಾರ್ಚ್ 20ರಂದು ಇರಾಕ್ ಯುದ್ಧ ಶುರುವಾಯಿತು. ಕುವೈತ್ ಇರಾಕಿನ ಪಕ್ಕದ ದೇಶ. ಅಲ್ಲಿಗೂ ಕ್ಷಿಪಣಿ ಬಂದವು, ಸೈರನ್ ಕೂಗಿತು ಎಂದು ಟಿವಿಯಲ್ಲಿ ಸುದ್ದಿ. ತಾತ ಎರಡು ದಿನ ಫೋನ್ ಪ್ರಯತ್ನಿಸಿದರು, ಸಾಲು ಸಿಗಲಿಲ್ಲ. ಹುಡುಗ ವಾರದ ದಿನಕ್ಕೆ ಕಾಯದೆ ಪ್ರತಿ ಸಂಜೆ ಮೋಡೆಮ್ ಹಚ್ಚತೊಡಗಿದ. ಮೊದಲ ಸಂಜೆ ಏನೂ ಇಲ್ಲ. ಎರಡನೇ ಸಂಜೆ ಪೆಟ್ಟಿಗೆಯ ದೀಪಗಳು ಮಿಣಮಿಣ ಎಂದವು, ಮೂರೇ ಸಾಲಿನ ಪತ್ರ ಇಳಿಯಿತು. ಕ್ಷೇಮವಾಗಿದ್ದೇನೆ, ಕೆಲಸದ ಜಾಗದಲ್ಲೇ ಉಳಿದಿದ್ದೇನೆ, ಅವ್ವನಿಗೆ ಟಿವಿ ನೋಡಬೇಡ ಎಂದು ಹೇಳು.

ತಾತ ಮರುದಿನ ನನಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದರು. ಕೊನೆಗೆ ಒಂದು ಮಾತು ಸೇರಿಸಿದರು: ‘ಸರ, ಆ ಹಂಚು ತಂದಿದ್ರ ಈಗ ಏನು ಮಾಡ್ತಿದ್ವಿರೀ?’

ಈಗ ತೀರ್ಪು

ದೇವದುರ್ಗದ ಮಗಳೇ, ನಿನ್ನ ಅಟ್ಟದ ಪೆಟ್ಟಿಗೆ ಅದೇ ಜಾತಿಯದು. ಹಿಂದಿನ ಅಗಲ ಸಾಕೆಟ್ಟಿನಲ್ಲಿ ತೂತುಗಳನ್ನು ಎಣಿಸು, 25 ಇದ್ದರೆ ಅದು ಸೀರಿಯಲ್ ಮೋಡೆಮ್. ಮುಂದಿನ ದೀಪಗಳ ಕೆಳಗೆ ಸಣ್ಣ ಅಕ್ಷರಗಳಿರಬೇಕು. ‘ಎಂಆರ್’ ಎಂದರೆ ಮೋಡೆಮ್ ಸಿದ್ಧ. ‘ಓಎಚ್’ ಎಂದರೆ ಫೋನ್ ಎತ್ತಿದೆ. ‘ಸಿಡಿ’ ಎಂದರೆ ಆ ಕಡೆಯವರು ಸಿಕ್ಕಿದ್ದಾರೆ. ‘ಎಸ್‌ಡಿ’ ಕಳಿಸುತ್ತಿದೆ, ‘ಆರ್‌ಡಿ’ ಬರುತ್ತಿದೆ. ದೀಪ ಹತ್ತುತ್ತದೆಯೇ ನೋಡಬೇಕಾದರೆ ಮಾಮನನ್ನು ಜೊತೆಗೆ ಕೂರಿಸಿಕೋ, ಅದರದೇ ಅಡಾಪ್ಟರ್ ಮಾತ್ರ ಹಾಕು. ಬೇರೆ ಅಡಾಪ್ಟರ್ ಹಾಕಿದರೆ ಸುಟ್ಟೀತು.

ಮಾಮನ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದುದರಿಂದ ಅವನು ಆರಿಸಿದ್ದು ಸರಿ. ಕಡಿಮೆ ಬೆಲೆಯದು ಇರುವಾಗ ಹೆಚ್ಚು ದುಡ್ಡು ಯಾಕೆ ಎಂದು ಅಜ್ಜಿ ಕೇಳಿದ್ದೂ ಸರಿಯೇ. ಮಾನ್ವಿಯ ತಾತ ಕೇಳಿದ್ದೂ ಅದೇ ಪ್ರಶ್ನೆಯಲ್ಲವೇ? ಅಲ್ಲಿ ಉತ್ತರ ಹೇಳಿದರು, ಇಲ್ಲಿ ಮಾಮ ನಕ್ಕು ಸುಮ್ಮನಾದ. ಈ ಅಂಕಣವನ್ನು ಅಜ್ಜಿಗೆ ಓದಿ ಹೇಳು. ವ್ಯಾಜ್ಯ ಮುಗಿದೀತು.

ಮೋಡೆಮ್ ಕಾಲ ಮುಗಿಯಿತು, ಆ ಪ್ರಶ್ನೆಯ ಕಾಲ ಮುಗಿದಿಲ್ಲ. ಇಂದೂ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಮಕ್ಕಳು ವೈಫೈ ಕಾಣಿಸುತ್ತಿಲ್ಲ, ಪ್ರಿಂಟರ್ ಓಡುತ್ತಿಲ್ಲ ಎಂದು ಬರೆಯುತ್ತಾರೆ. ಕೊಳ್ಳುವ ಮುನ್ನ ಇಷ್ಟು ವಿಚಾರಿಸಿ. ಈ ವಸ್ತು ತನ್ನ ಕೆಲಸ ತಾನೇ ಮಾಡುತ್ತದೆಯೇ, ನಮ್ಮ ಯಂತ್ರದಿಂದ ಮಾಡಿಸುತ್ತದೆಯೇ? ಎಲ್ಲರಿಗೂ ತಿಳಿಯುವ ಭಾಷೆ ಮಾತಾಡುತ್ತದೆಯೇ, ಒಬ್ಬರಿಗೆ ಮಾತ್ರ ತಿಳಿಯುವುದನ್ನೇ? ಡಬ್ಬಿಯ ಮೇಲೆ ಇಂಥದೇ ಆಪರೇಟಿಂಗ್ ಸಿಸ್ಟಂ ಬೇಕು ಎಂದು ಬರೆದಿದೆಯೇ? ದುಡ್ಡು ಕೊಡುವ ಮುನ್ನ ನಮ್ಮ ಯಂತ್ರಕ್ಕೆ ಹಚ್ಚಿ ನೋಡಲು ಬಿಡುತ್ತಾರೆಯೇ, ಆಗದಿದ್ದರೆ ಮರಳಿ ತೆಗೆದುಕೊಳ್ಳುತ್ತಾರೆಯೇ? ಕೇಳಲು ನಾಚಿಕೆ ಬೇಡ. ಕಂಪ್ಯೂಟರ್ ಗೊತ್ತಿಲ್ಲದ ತಾತ-ಅಜ್ಜಿಯರೂ ಈ ಪ್ರಶ್ನೆಗಳನ್ನು ಧಾರಾಳವಾಗಿ ಕೇಳಬಹುದು. ಹಂಚು ಯಾವುದು, ರೊಟ್ಟಿ ಯಾವುದು ಎಂಬ ತಿಳಿವಳಿಕೆ ನಿಮಗೇ ಹೆಚ್ಚು.

ಮಕ್ಕಳೇ, ಈ ವಾರದ ಲೆಕ್ಕ ಹೀಗಿದೆ. ಒಂದು ಲಿನಕ್ಸ್ ಸಿಡಿಯಲ್ಲಿ 700 ಮೆಗಾಬೈಟ್ ಇದೆ ಎನ್ನಿ. ಮಾನ್ವಿಯ ಹುಡುಗನ ಮೋಡೆಮ್ ಸೆಕೆಂಡಿಗೆ 5 ಕಿಲೋಬೈಟ್ ತರುತ್ತಿತ್ತು ಎನ್ನಿ. ಒಂದು ಮೆಗಾಬೈಟ್‌ಗೆ 1000 ಕಿಲೋಬೈಟ್ ಹಿಡಿಯಿರಿ. ಫೋನ್ ಒಂದು ಸಲವೂ ಕಡಿಯದಿದ್ದರೆ ಇಡೀ ಸಿಡಿ ಇಳಿಯಲು ಎಷ್ಟು ಗಂಟೆ ಬೇಕು? ಅದಕ್ಕಿಂತ ರಾಯಚೂರಿನಿಂದ ಬಸ್ಸಿನಲ್ಲಿ ಸಿಡಿ ತರುವುದು ಎಷ್ಟು ಬೇಗ? ತಾತನ ಜೊತೆ ಕೂತು ಲೆಕ್ಕ ಮಾಡಿ, ಉತ್ತರ ಕಾರ್ಡಿನಲ್ಲಿ ಬರೆದು ಕಳಿಸಿ. ಸರಿ ಉತ್ತರ ಮುಂದಿನ ವಾರ.